ತೊಳೆದ ಅರಿವೆ

ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುವವರಿಗೆ ಒಂದು ನೇಮವಿದೆ. ಸತ್ತವರ ಅರಿವೆಯನ್ನು ಕೌದಿಗೆ ಸೇರಿಸುವುದಾದರೆ ಮೊದಲು ಅದನ್ನು ಕೈಯಾರೆ ತೊಳೆಯಬೇಕು. ಬೆಚ್ಚಗಿನ ನೀರಿನಲ್ಲಿ, ಅಂಟುವಾಳದ ನೊರೆಯಲ್ಲಿ, ಒಂದು ಕಲೆಯೂ ಉಳಿಯದ ಹಾಗೆ. ಕೊಳೆ ಉಳಿದರೆ ಜೀವ ಅದರಲ್ಲೇ ಸಿಕ್ಕಿಕೊಂಡು ಸುತ್ತಾಡುತ್ತದೆ, ತೊಳೆದು ಬಿಸಿಲಿಗೆ ಹಾಕಿದರೆ ಹಗುರಾಗಿ ಹೋಗುತ್ತದೆ ಎಂದು ಬಂಗಾರೆವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆಗೆ ಅವಳ ಅತ್ತೆ. ರೋಣದ ಕಡೆಯ ಕರಿಮಣ್ಣಿನ ಊರಿನಿಂದ ಅಮೆರಿಕದ ಲಿವರ್‌ಮೋರಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಆ ನೇಮವನ್ನು ಬಂಗಾರೆವ್ವ ಒಂದು ಸಲವೂ ತಪ್ಪಿಸಿರಲಿಲ್ಲ. ಅತ್ತೆ ಲಿಂಗೈಕ್ಯಳಾದಾಗ ಅವಳ ಇಳಕಲ್ ಸೀರೆಯನ್ನು ಅಳುತ್ತಲೇ ತೊಳೆದಿದ್ದಳು. ಹೊಲಿದು ಮುಗಿಸುವ ಹೊತ್ತಿಗೆ ಅಳು ನಿಂತಿತ್ತು.

ಆದ್ದರಿಂದ ಈ ಕತೆಯಲ್ಲಿ ನಡೆದ ತಪ್ಪು ಅಸಡ್ಡೆಯಿಂದ ನಡೆದದ್ದಲ್ಲ. ಭಕ್ತಿಯಿಂದ ನಡೆದದ್ದು.

ಪ್ಲೆಸೆಂಟನ್ನಿನಲ್ಲಿ ಬೇಸಗೆಗೆ ನಡೆಯುವ ಕೌಂಟಿ ಫೇರ್ ಎಂಬ ಜಾತ್ರೆಯ ಹೊಲಿಗೆ ಸ್ಪರ್ಧೆಗೆ ಆ ವರ್ಷ ಬಂಗಾರೆವ್ವನ ಕೌದಿಯೊಂದು ಹೋಗಿತ್ತು. ಮೂರನೆಯ ಬಹುಮಾನ ಬಂತು, ಬಿಳಿ ರಿಬ್ಬನ್ನು.

"ಸ್ಪರ್ಧೇಕ ಬಂದವ್ರ ಮೂರ ಮಂದಿ ಇದ್ರೇನು?" ಎಂದ ಗಂಡ ಶಿವರುದ್ರಪ್ಪ. ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತನಾದ ಮನುಷ್ಯ. ಕೈಗೆ ಕೆಲಸ ತಪ್ಪಿದ ಮೇಲೆ ನಾಲಿಗೆಗೆ ಕೆಲಸ ಹೆಚ್ಚಾಗಿತ್ತು.

"ನಲವತ್ತಾರ ಮಂದಿ ಇದ್ರು. ನಿಮ್ಮಂಗ ಒಬ್ರ ಓಡಿ ಫಸ್ಟ್ ಬರೂದಲ್ಲ ಇದು," ಎಂದಳು ಅವಳು.

ಆ ಬಿಳಿ ರಿಬ್ಬನ್ನು ನೋಡಿಯೇ ತಮಂಡಾ ಎಂಬುವಳು ಬಂಗಾರೆವ್ವನನ್ನು ಹುಡುಕಿಕೊಂಡು ಬಂದದ್ದು. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಗಿಡ್ಡ ಕೂದಲಿನಲ್ಲಿ ಅಲ್ಲಲ್ಲಿ ನರೆ. ಬಲಗೈ ಮಣಿಕಟ್ಟಿಗೆ ಬಿಗಿಯಾದ ಪಟ್ಟಿ. ಓಕ್ಲೆಂಡಿನಲ್ಲಿ ಇರುತ್ತೇನೆ, ಚಿತ್ರ ಮತ್ತು ಬಟ್ಟೆಯ ಕಲಾವಿದೆ, ಕಾಲೇಜೊಂದರಲ್ಲಿ ಅರೆಹೊತ್ತು ಪಾಠ ಮಾಡುತ್ತೇನೆ ಎಂದು ತನ್ನ ಪರಿಚಯ ಹೇಳಿಕೊಂಡಳು. ಆಫ್ರಿಕಾದ ಒಂದು ಪುಟ್ಟ ದೇಶದವಳು. ಆ ದೇಶದ ಹೆಸರು ಬಂಗಾರೆವ್ವನ ನಾಲಿಗೆಗೆ ಕೊನೆಗೂ ಹತ್ತಲಿಲ್ಲ. ಸಮುದ್ರದಂಥ ಸರೋವರವೊಂದು ಅದರ ಉದ್ದಕ್ಕೂ ಇದೆಯೆಂದು ಕೇಳಿದ ಮೇಲೆ ಅವಳು ಅದನ್ನು "ಕೆರಿ ದೇಶ" ಎಂದೇ ಕರೆದಳು. ಹೆಂಗಸರಿಬ್ಬರ ಮಾತೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಒಬ್ಬಳದು ಶಾಲೆಯ ಇಂಗ್ಲಿಷು, ಇನ್ನೊಬ್ಬಳದು ಗ್ರೋಸರಿ ಅಂಗಡಿಯಲ್ಲಿ ಕಲಿತದ್ದು. ನಮ್ಮ ಮಾತಿಗೆ ತಂದುಕೊಂಡರೆ ಅದು ಹೀಗಿತ್ತು.

"ಅಮಾಯಿ," ಎಂದಳು ತಮಂಡಾ. ಅವಳ ಕಡೆ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. "ನನ್ನ ಕೈ ಕೆಟ್ಟಿದೆ. ಸೂಜಿ ಹಿಡಿದರೆ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತವೆ. ನಿಮ್ಮ ಕೈಹೊಲಿಗೆ ನೋಡಿದೆ. ನನ್ನ ಕೆಲಸವೊಂದನ್ನು ನೀವು ಹೊಲಿದುಕೊಡಬೇಕು."

"ಏನ ಹೊಲೀಬೇಕವ್ವ?"

ತಮಂಡಾ ತಾನು ತಂದಿದ್ದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಅದನ್ನು ಬಿಚ್ಚಲಿಲ್ಲ. ಎದುರಿಗಿಟ್ಟ ಚಹಾ, ಮಂಡಕ್ಕಿಯನ್ನು ಮುಟ್ಟಲಿಲ್ಲ.

"ನಮ್ಮಲ್ಲಿ ಹೆಂಗಸಿಗೆ ಉದ್ದನೆಯ ಒಂದು ಬಟ್ಟೆ ಇರುತ್ತದೆ. ಸೊಂಟಕ್ಕೆ ಸುತ್ತುವುದೂ ಅದೇ, ಮಗುವನ್ನು ಬೆನ್ನಿಗೆ ಕಟ್ಟುವುದೂ ಅದೇ. ಹೆರುವಾಗ ಮೈಕೆಳಗೆ ಹಾಸಿಕೊಳ್ಳುವುದೂ ಅದೇ. ಚುನಾವಣೆಯ ಕಾಲಕ್ಕೆ ರಾಜಕಾರಣಿಗಳು ಇಂಥ ಬಟ್ಟೆ ಹಂಚುತ್ತಾರೆ, ಮೇಲೆ ತಮ್ಮ ಮುಖ ಅಚ್ಚು ಹಾಕಿಸಿ."

"ನಮ್ಮ ಕಡೆ ಸೀರಿ ಹಂಚತಾರ. ಕುಕ್ಕರ್ ಹಂಚತಾರ."

"ಅದರ ಮೇಲೂ ಮುಖ ಇರುತ್ತದಾ?"

"ಇರತೈತಿ, ಮುಚ್ಚಳದ ಮ್ಯಾಲ. ಸೀಟಿ ಹೊಡದಾಗೊಮ್ಮೆ ಅವನ್ನ ನೋಡಬೇಕು."

ತಮಂಡಾ ನಕ್ಕಳು. ನಗು ಮುಗಿಯುವ ಮೊದಲೇ ಮುಖ ಗಂಭೀರವಾಯಿತು. ಅವಳು ಹೇಳಿದ್ದು ಇಷ್ಟು. ಸರೋವರದ ದಂಡೆಯ ಅವಳ ಊರಿಗೆ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತೇನೆಂದು ಒಬ್ಬ ಬಟ್ಟೆ ಹಂಚಿ ಗೆದ್ದ, ಗೆದ್ದು ಮಂತ್ರಿಯಾದ. ಗೋಡೆ ಎದೆಮಟ್ಟಕ್ಕೆ ಎದ್ದವು. ಚಾವಣಿ ಬರಲಿಲ್ಲ. ದೀಪಕ್ಕೆಂದು ಬರಬೇಕಿದ್ದ ಜನರೇಟರು ಕಾಗದದ ಮೇಲೆ ಬಂತು, ಊರಿಗೆ ಬರಲಿಲ್ಲ. ಮಂತ್ರಿಯ ಮನೆಗೆ ಮಾತ್ರ ಇನ್ನೊಂದು ಅಂತಸ್ತು ಎದ್ದಿತು. ಮೂರು ಮಳೆಗಾಲದಲ್ಲಿ ಹಳೆಯ ಕೋಣೆಯೊಳಗೆ, ಟಾರ್ಚಿನ ಬೆಳಕಿನಲ್ಲಿ, ಇಪ್ಪತ್ತಮೂರು ಬಾಣಂತಿಯರು ಸತ್ತರು. ಹಾಸಿಕೊಂಡಿದ್ದ ಬಟ್ಟೆಯನ್ನು ಮಡಚಿ ಅವರವರ ತಾಯಂದಿರ ಕೈಗೆ ಕೊಟ್ಟರು. ಇಪ್ಪತ್ತಮೂರರ ಮೇಲೂ ಅವನದೇ ಮುಖ.

"ಮೊದಲು ನಾನು ಪೇಟೆಯ ಗೋಡೆಯ ಮೇಲೆ ಇದನ್ನೇ ಚಿತ್ರ ಬರೆದೆ," ಎಂದಳು ತಮಂಡಾ. "ಬೆಳಗಾಗುವಷ್ಟರಲ್ಲಿ ಸುಣ್ಣ ಬಳಿದರು. ನನ್ನನ್ನು ಎರಡು ದಿನ ಒಳಗೆ ಹಾಕಿದರು. ಅಲ್ಲಿ ಕೂತಾಗ ಹೊಳೆಯಿತು. ನನ್ನ ಗೋಡೆಗೆ ಅವನು ಸುಣ್ಣ ಬಳಿಯಬಹುದು, ತನ್ನ ಮುಖಕ್ಕೆ ತಾನೇ ಬಳಿದುಕೊಳ್ಳಲಾರ. ಮನೆಮನೆಗೆ ಹೋಗಿ ಈ ಬಟ್ಟೆಗಳನ್ನು ಬೇಡಿಕೊಂಡು ತಂದೆ. ವಿಮಾನ ಹತ್ತುವಾಗ ನನ್ನ ಫೋನು, ನೋಟುಪುಸ್ತಕ ಎಲ್ಲ ಕಿತ್ತುಕೊಂಡರು. ಗಂಟು ಬಿಚ್ಚಿಸಿದ ಅಧಿಕಾರಿ ಮಂತ್ರಿಯ ಮುಖ ನೋಡಿ ಎದ್ದು ನಿಂತ. ನೀನು ನಿಷ್ಠಾವಂತಳು, ಹೋಗು ಅಂದ."

ಅಲ್ಲೇ ಸೋಫಾದ ತುದಿಗೆ ಕೂತಿದ್ದ ಶಿವರುದ್ರಪ್ಪ ತೊಡೆ ತಟ್ಟಿಕೊಂಡ. "ಕಳ್ಳನ ಮಾರೀನ ಪಾಸ್‌ಪೋರ್ಟ್ ಆತಲ್ಲ!"

"ಎಲ್ಲವನ್ನೂ ಸೇರಿಸಿ ಒಂದೇ ಕೌದಿಯಾಗಿ ಹೊಲಿಯಬೇಕು. ನವೆಂಬರಿನಲ್ಲಿ ಓಕ್ಲೆಂಡಿನ ಗ್ಯಾಲರಿಯಲ್ಲಿ ಇದನ್ನು ತೂಗುಹಾಕುತ್ತೇನೆ. ನಮ್ಮ ದೇಶದ ರೇಡಿಯೊದವರು ಬರುತ್ತಾರೆ, ಆ ರೇಡಿಯೊವನ್ನು ಅಲ್ಲಿ ಹಳ್ಳಿಹಳ್ಳಿಯಲ್ಲೂ ಕೇಳುತ್ತಾರೆ. ಬರುವ ವರ್ಷ ಮತ್ತೆ ಚುನಾವಣೆ." ತಮಂಡಾ ಗಂಟನ್ನು ಎತ್ತಿ ಬಂಗಾರೆವ್ವನ ಕೈಗೆ ಕೊಟ್ಟಳು. "ಬಂದು ಆರು ತಿಂಗಳಾಯಿತು, ನನಗೆ ಇದನ್ನು ಬಿಚ್ಚಲಾಗಲಿಲ್ಲ. ಇದರಲ್ಲಿ ನನ್ನ ತಂಗಿಯದೂ ಇದೆ. ಚಿಸೋಮೊ ಅಂತ. ನೀವೇ ಬಿಚ್ಚಿ. ಮಿಕ್ಕದ್ದು ಬಿಚ್ಚಿದಾಗ ನಿಮಗೇ ಕಾಣುತ್ತದೆ. ಒಂದೇ ಮಾತು, ಯಾವುದನ್ನೂ ಕತ್ತರಿಸಬೇಡಿ."

"ಇಲ್ಲವ್ವ, ಕತ್ತರಿ ಮುಟ್ಟಸೂದಿಲ್ಲ," ಎಂದು ಬಂಗಾರೆವ್ವ ಎದೆಯ ಮೇಲಿನ ಲಿಂಗವನ್ನು ಮುಟ್ಟಿ ಹೇಳಿದಳು. ಆ ಮಾತನ್ನು ಅವಳು ಉಳಿಸಿಕೊಂಡಳು ಕೂಡ.

ಮರುದಿನ ಪೂಜೆ ಮುಗಿಸಿ, ವಿಭೂತಿ ಧರಿಸಿಕೊಂಡೇ ಗಂಟನ್ನು ಹಿತ್ತಲಿಗೆ ಒಯ್ದಳು. ದೊಡ್ಡ ಟಬ್ಬಿಗೆ ಉಗುರುಬೆಚ್ಚಗಿನ ನೀರು ತುಂಬಿ, ಪ್ಲೆಸೆಂಟನ್ನಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಅಂಟುವಾಳವನ್ನು ಕಿವುಚಿ ನೊರೆ ಎಬ್ಬಿಸಿದಳು. ಹಸಿರು ಬಟ್ಟೆ. ಅಂಚಿಗೆ ಗೋವಿನಜೋಳದ ತೆನೆಯ ಸಾಲು, ನಡುವೆ ಮೊಟ್ಟೆಯಾಕಾರದೊಳಗೆ ನಗುವ ಮುಖ. ಎಲ್ಲವೂ ಒಂದೇ ತಾನಿನಿಂದ ಹರಿದವು, ಒಂದಕ್ಕೊಂದು ಅವಳಿಜವಳಿಯ ಹಾಗಿದ್ದವು. ಒಣಗಿದ ಕಂದುಕಲೆ, ಮಣ್ಣು, ಹೊಗೆಯ ವಾಸನೆ. ಪ್ರತಿಯೊಂದರ ಮೂಲೆಯಲ್ಲೂ ಕಪ್ಪಗೋ ನೀಲಿಯೋ ಏನೋ ಮೆತ್ತಿತ್ತು. ಮಡಿಕೆಯಲ್ಲಿ ತಿಕ್ಕಿ ತಿಕ್ಕಿ ಕದಡಿಹೋಗಿತ್ತು. ಬಂಗಾರೆವ್ವ ಕನ್ನಡಕ ಮೇಲೆತ್ತಿ ನೋಡಿದಳು. ಊರಲ್ಲಿ ಅಗಸರ ಯಮನವ್ವ ಯಾರ ಮನೆಯ ಬಟ್ಟೆಯೆಂದು ತಿಳಿಯಲಿ ಅಂತ ಮೂಲೆಗೆ ಮಸಿಯ ಗುರುತು ಹಾಕುತ್ತಿದ್ದಳು. ಇದೂ ಅಗಸರ ಗುರುತು ಎಂದುಕೊಂಡಳು. ದೇವರ ಪಾದ ಸೇರಿದವರಿಗೆ ಅಗಸರ ಗುರುತು ಏಕೆ?

ಲಿಂಬೆಹೋಳು ತಂದು ಮೂಲೆಗಳನ್ನೇ ವಿಶೇಷವಾಗಿ ತಿಕ್ಕಿದಳು. ಒಂದೊಂದನ್ನೂ ಹಿಂಡಿ ಜಾಡಿಸುವಾಗ, "ಹೋಗವ್ವ, ಹಗುರಾಗಿ ಹೋಗು," ಎಂದಳು. ಇಪ್ಪತ್ತಮೂರು ಸಲ. ಮಂಡಿ ಹಿಡಿದುಕೊಂಡಿತು. ನೀರು ಮೂರು ಸಲ ಕರ್ರಗಾಗಿ, ನಾಲ್ಕನೆಯ ಸಲ ತಿಳಿಯಾಯಿತು. ಆ ತಿಳಿನೀರು ನೋಡಿ ಅವಳ ಜೀವ ತಂಪಾಯಿತು. ತನ್ನ ಸ್ವಂತ ಹೆಣ್ಣುಮಕ್ಕಳಿಗೆ ಎರೆದು ಕಳಿಸಿದ ಹಾಗನ್ನಿಸಿತು.

ಶಿವರುದ್ರಪ್ಪ ಹಿತ್ತಲ ಬಾಗಿಲಿಗೆ ಬಂದು ಹಗ್ಗದ ತುಂಬ ನೇತಾಡುವ ಮುಖಗಳನ್ನು ನೋಡಿದ. "ಏ ಇವಳ, ಇಪ್ಪತ್ತಮೂರ ಮಂತ್ರಿಗಳು ನಮ್ಮ ಹಿತ್ತಲದಾಗ ಜೋತಾಡಾಕತ್ತಾರ! ಕಾಲನಿ ಸಂಘದ ಎಚ್‌ಓಎದವ್ರು ನೋಡಿದ್ರ ಒಬ್ಬೊಬ್ಬಗ ಒಂದೊಂದ ನೋಟೀಸ ಕಳಸ್ತಾರ ನೋಡು."

"ಸುಮ್ಕಿರ್ರಿ. ಹೆಣಮಕ್ಕಳ ಅರಿವಿ ಅವು."

ಒಣ ಗುಡ್ಡಗಳ ಕಡೆಯಿಂದ ಬಂದ ಬಿಸಿಗಾಳಿಗೆ ಬಟ್ಟೆಗಳು ಎರಡು ತಾಸಿನಲ್ಲಿ ಒಣಗಿದವು.

ಶನಿವಾರ ತಮಂಡಾ ಬಂದಳು. ಊಟದ ಮೇಜಿನ ಮೇಲೆ ಮಡಚಿಟ್ಟ ಬಟ್ಟೆಗಳ ಅಟ್ಟಿ ಇತ್ತು. ಬಂಗಾರೆವ್ವ ಮಗಳಿಗೆ ಸೀರೆ ತೋರಿಸುವವಳ ಹಾಗೆ ಹೆಮ್ಮೆಯಿಂದ, "ನೋಡವ್ವ, ಹೆಂಗಾಗ್ಯಾವು!" ಎಂದಳು.

ತಮಂಡಾ ಮೇಲಿನದನ್ನು ಎತ್ತಿ ಮೂಗಿಗೆ ಹಿಡಿದಳು. ಬಿಚ್ಚಿದಳು. ಮೂಲೆ ನೋಡಿದಳು. ತಿರುವಿ ಇನ್ನೊಂದು ಮೂಲೆ ನೋಡಿದಳು. ಎರಡನೆಯದನ್ನು ಎತ್ತಿದಳು, ಮೂರನೆಯದನ್ನು. ಕೈ ಬೇಗಬೇಗ ಓಡಿದವು. ಮಡಿಕೆಗಳೆಲ್ಲ ಬಿಚ್ಚಿ ಮೇಜಿನಿಂದ ಕೆಳಗೆ ಬಿದ್ದವು. ಕೊನೆಯದನ್ನು ನೋಡಿದ ಮೇಲೆ ಅವಳು ನೆಲದ ಮೇಲೆ, ಆ ಹಸಿರು ರಾಶಿಯ ನಡುವೆ ಕುಸಿದು ಕೂತಳು.

"ಅಮಾಯಿ, ಇಲ್ಲಿ ಬರಹ ಇತ್ತು."

"ಯಾವ ಬರಹ?"

"ಹೆಸರು. ಯಾವ ದಿನ ಸತ್ತಳು ಅಂತ. ತಾಯಂದಿರು ತಮ್ಮ ಕೈಯಿಂದ ಬರೆದದ್ದು. ಕೆಲವರು ಒಲೆಯ ಇದ್ದಿಲಿನಲ್ಲಿ, ಕೆಲವರು ಶಾಲೆಮಕ್ಕಳ ಶಾಯಿಯಲ್ಲಿ. ಅವರು ಹೆದರಿದ್ದರು, ಅದಕ್ಕೇ ನಾನು ಫೋಟೊ ತೆಗೆಯಲಿಲ್ಲ. ಬರೆದುಕೊಂಡದ್ದನ್ನು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು. ಹೆಸರು ಇದ್ದದ್ದು ಇದರ ಮೇಲೆ ಮಾತ್ರ."

ಮೂಲೆಯ ಮಸಿ, ಲಿಂಬೆಹೋಳು, ನಾಲ್ಕನೆಯ ತಿಳಿನೀರು, ಎಲ್ಲ ಒಟ್ಟಿಗೆ ಬಂಗಾರೆವ್ವನ ಕಣ್ಣಿಗೆ ಬಂದವು. "ನಾ ಕೊಳಿ ಅಂದ್ಕೊಂಡೆ," ಎಂದಳು. "ಅಗಸರ ಗುರತ ಅಂದ್ಕೊಂಡೆನವ್ವ."

ತಮಂಡಾ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಅಲ್ಲಿ ಸರ್ಕಾರದವರು ಇವರನ್ನು ಸತ್ತವರ ಲೆಕ್ಕದಿಂದಲೇ ಬಿಟ್ಟರು," ಎಂದಳು ಮೆಲ್ಲಗೆ. "ಇಲ್ಲಿ ನೀವು ಕೊಳೆ ಅಂದುಕೊಂಡಿರಿ." ಮಂತ್ರಿಯ ಮುಖದ ಮೇಲೆ ಬೆರಳಾಡಿಸಿದಳು. "ಇವನನ್ನು ನೋಡಿ. ಒಂದು ಎಳೆಯೂ ಮಾಸಿಲ್ಲ. ಒಳ್ಳೆಯ ಬಣ್ಣ ಹಾಕಿಸಿದ್ದ. ಇನ್ನೂ ಹೊಳಪು ಬಂದಿದೆ."

ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತಳು. "ಇದರಲ್ಲಿ ಒಂದು ನನ್ನ ತಂಗಿಯದು. ಯಾವುದು ಅಂತ ಇನ್ನು ನನಗೆ ಗೊತ್ತಾಗುವುದಿಲ್ಲ." ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋದಳು.

ಆ ವಾರ ಬಂಗಾರೆವ್ವ ಸೂಜಿ ಮುಟ್ಟಲಿಲ್ಲ. ಶಿವರುದ್ರಪ್ಪನ ಚೇಷ್ಟೆ ಅಡಗಿತು. "ಬಟ್ಟಿ ತೊಳದದ್ದು ಪಾಪ ಅಂತ ಯಾವ ಶಾಸ್ತ್ರದಾಗೂ ಇಲ್ಲ," ಎಂದು ಒಂದು ದಿನ ಸಮಾಧಾನ ಹೇಳಲು ನೋಡಿದ.

"ಶಾಸ್ತ್ರದಾಗ ಇಲ್ಲ ರೀ. ಆ ಹುಡುಗಿ ಮಾರಿಯಾಗ ಐತಿ."

"ಬೇಕಂತ ಮಾಡಿದ್ದೇನ ನೀನು?"

"ಆ ಮಂತ್ರಿ ಜೀವ ತಗೊಂಡ, ನಾ ಹೆಸರ ತಗೊಂಡೆ. ಅವಾ ಹೊಟ್ಟೀ ಸಲುವಾಗಿ ಮಾಡಿದ, ನಾ ಪುಣ್ಯೇದ ಸಲುವಾಗಿ ಮಾಡಿದೆ. ಕಳಕೊಂಡವರಿಗೆ ಎರಡೂ ಅಷ್ಟ ಅಲ್ಲೇನ್ರಿ?"

ಮರುವಾರ ಒಂದು ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಕೂತಳು. ಕ್ಷಮೆ ಕೇಳಬೇಕೆಂದುಕೊಂಡಳು. ಆದರೆ ಕಳೆದುಕೊಂಡವನು ಶಿವನಲ್ಲವಲ್ಲ, ಅವನನ್ನು ಕೇಳಿ ಏನು ಪ್ರಯೋಜನ? ಪೂಜೆಯಿಂದ ಎದ್ದು, "ಕಾರ್ ತಗೀರಿ. ಓಕ್ಲೆಂಡಿಗೆ ಹೋಗೂಣು," ಎಂದಳು. ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು.

ತಮಂಡಾಳ ಕೆಲಸದ ಕೋಣೆ ಹಳೆಯ ಗೋದಾಮೊಂದರ ಮಹಡಿಯ ಮೇಲಿತ್ತು. ಗೋಡೆಯ ಮೇಲೆ ಅಂಟಿಸಿದ ದೊಡ್ಡ ಕಾಗದದಲ್ಲಿ ಹೆಸರುಗಳಿದ್ದವು. ತಮಂಡಾ ಬಾಗಿಲು ತೆರೆದು, ಗಂಡಹೆಂಡತಿಯನ್ನು ನೋಡಿ, ಎರಡು ಸ್ಟೂಲು ಎಳೆದಳು. ಊರಿನ ದಾದಿಯೊಬ್ಬಳಿಗೆ ಫೋನು ಮಾಡಿ ಮಾಡಿ, ಅವಳು ಮನೆಮನೆಗೆ ಹೋಗಿ ವಿಚಾರಿಸಿ, ಹತ್ತು ದಿನದಲ್ಲಿ ಹತ್ತೊಂಬತ್ತು ಹೆಸರು ಸಿಕ್ಕಿದ್ದವು.

"ಇನ್ನು ನಾಲ್ಕು?" ಎಂದಳು ಬಂಗಾರೆವ್ವ.

"ಇಬ್ಬರ ಮನೆಯವರು ಗಡಿ ದಾಟಿ ಹೋಗಿದ್ದಾರೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಒಬ್ಬಳ ತಾಯಿ ತೀರಿಕೊಂಡಳು. ಇನ್ನೊಬ್ಬ ತಾಯಿ ಇದ್ದಾಳೆ, ಹೇಳಲೊಲ್ಲೆ ಅಂದಳು. ಒಂದು ಸಲ ಬರೆದೆ, ಅದಕ್ಕೇ ನನ್ನ ಶಕ್ತಿಯೆಲ್ಲ ಹೋಯಿತು, ಮತ್ತೆ ಆ ಹೆಸರನ್ನು ನನ್ನ ಬಾಯಿಂದ ಹೊರಡಿಸಬೇಡಿ ಅಂದಳಂತೆ." ತಮಂಡಾ ಕಾಗದದತ್ತ ನೋಡಿದಳು. "ಈ ಹತ್ತೊಂಬತ್ತು ಇದ್ದೂ ಏನು? ಯಾವ ಬಟ್ಟೆ ಯಾರದು? ಒಬ್ಬಳ ಬಟ್ಟೆಯ ಮೇಲೆ ಇನ್ನೊಬ್ಬಳ ಹೆಸರು ಹಾಕಿದರೆ ಅದು ಸುಳ್ಳು. ಸುಳ್ಳು ಹೇಳುವುದಾದರೆ ಅವನೇ ಸಾಕಲ್ಲ."

"ನಿಮ್ಮವ್ವಗ ಹೇಳೀಯೇನು, ತಂಗೀ ಅರಿವೀದು?"

ತಮಂಡಾ ಇಲ್ಲವೆಂದು ತಲೆಯಾಡಿಸಿದಳು. ಆಗ ಅವಳು ಆ ಎತ್ತರದ ಕಲಾವಿದೆಯಾಗಿ ಕಾಣಲಿಲ್ಲ. ತಾಯಿಗೆ ಹೆದರುವ ಮಗಳಾಗಿ ಕಂಡಳು.

"ನಾ ಹೇಳತೇನಿ. ತೊಳದಾಕಿ ನಾನು."

ಇಲ್ಲಿ ಬೆಳಿಗ್ಗೆ, ಅಲ್ಲಿ ಇಳಿಸಂಜೆ. ಫೋನು ಮೇಜಿನ ಮೇಲಿತ್ತು. ಆ ಕಡೆಯಿಂದ ಕೋಳಿಯ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಮುದುಕಿಯ ಧ್ವನಿ. ತಮಂಡಾ ತಮ್ಮ ಭಾಷೆಯಲ್ಲಿ ಮೊದಲಿಟ್ಟಳು, ನಡುವೆ ನಿಲ್ಲಿಸಿ ಬಂಗಾರೆವ್ವನ ಕಡೆ ತಿರುಗಿದಳು. ಬಂಗಾರೆವ್ವ ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ನೇಮದ ಬಗ್ಗೆ ಹೇಳಲು ಹೋಗಿ, ಅದು ನೆಪದ ಹಾಗೆ ಕೇಳಿಸಿದ್ದರಿಂದ ನಿಲ್ಲಿಸಿದಳು. "ನಾನು ತೊಳೆದೆ. ನಾನು ಕೇಳಲಿಲ್ಲ. ಹೆಸರು ಹೋಯಿತು," ಎಂದಷ್ಟೇ ಉಳಿಸಿದಳು. ತಮಂಡಾ ಒಂದೊಂದೇ ಮಾತನ್ನು ಆ ಕಡೆಗೆ ದಾಟಿಸಿದಳು.

ಮುದುಕಿ ಏನೋ ಕೇಳಿದಳು.

"ನೀರು ಬಿಸಿ ಇತ್ತಾ, ತಣ್ಣಗಿತ್ತಾ ಅಂತ ಕೇಳುತ್ತಾಳೆ."

"ಬೆಚ್ಚಗಿತ್ತು," ಎಂದಳು ಬಂಗಾರೆವ್ವ. "ಕೂಸಿಗೆ ಎರೆಯೋವಷ್ಟು."

ಮುದುಕಿ ಮತ್ತೆ ಮಾತಾಡಿದಳು, ಈ ಸಲ ಉದ್ದಕ್ಕೆ. ತಮಂಡಾ ಕಣ್ಣು ಮುಚ್ಚಿಕೊಂಡು ಹೇಳಿದಳು. "ತಂಗಿ ತೀರಿಕೊಂಡ ದಿನ ಜೋರು ಮಳೆ ಇತ್ತಂತೆ. ಒಣ ಸೌದೆ ಇರಲಿಲ್ಲ. ಚಿಸೋಮೊಳಿಗೆ ಸರೋವರದ ತಣ್ಣೀರಿನಲ್ಲೇ ಕೊನೆಯ ಸ್ನಾನ ಮಾಡಿಸಿದರಂತೆ. ಅವಳಿಗೆ ಚಿಕ್ಕಂದಿನಿಂದಲೂ ತಣ್ಣೀರು ಆಗುತ್ತಿರಲಿಲ್ಲ. ಅದೊಂದು ಅಮ್ಮನ ಎದೆಯಲ್ಲಿ ಉಳಿದಿತ್ತಂತೆ. ಇಪ್ಪತ್ತಮೂರನ್ನೂ ಬೆಚ್ಚಗಿನ ನೀರಿನಲ್ಲಿ ತೊಳೆದಳಾ ಅಂತ ಕೇಳುತ್ತಾಳೆ."

"ಎಲ್ಲಾನೂ."

"ಹಾಗಾದರೆ ಅವಳಿಗೂ ಸಿಕ್ಕಿತು ಅನ್ನುತ್ತಾಳೆ."

ಬಂಗಾರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿಯಿತೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಮುದುಕಿ ಮುಗಿಸಿರಲಿಲ್ಲ.

"ಆದರೆ ಇದು ಪರವಾಗಿಲ್ಲ ಅಂತ ನಾನು ಹೇಳಿದೆ ಅಂತ ತಿಳಿಯಬೇಡ ಅನ್ನುತ್ತಾಳೆ. ಅವಳ ಹೆಸರು ಬರೆಯಲು ಶಾಲೆಗೆ ಹೋಗುವ ಹುಡುಗಿಯೊಬ್ಬಳಿಂದ ನಾಲ್ಕು ದಿನ ಅಕ್ಷರ ಕಲಿತೆ. ಬೇರೆ ಏನೂ ನನಗೆ ಬರೆಯಲು ಬರುವುದಿಲ್ಲ. ಅದೊಂದೇ ನಾನು ಬರೆದದ್ದು ಅನ್ನುತ್ತಾಳೆ."

ಫೋನು ತಾನಾಗಿ ಕಡಿಯಿತೋ, ಮುದುಕಿಯೇ ಇಟ್ಟಳೋ ತಿಳಿಯಲಿಲ್ಲ. ಶಿವರುದ್ರಪ್ಪ ಎದ್ದು ಕಿಟಕಿಯ ಬಳಿ ಹೋಗಿ, ಹೊರಗೆ ನೋಡಲು ಏನೂ ಇಲ್ಲದಿದ್ದರೂ ನೋಡುತ್ತ ನಿಂತ.

ಕೊನೆಗೆ ತಮಂಡಾ, "ಪ್ರದರ್ಶನ ಬೇಡ ಅಂತ ಗ್ಯಾಲರಿಯವರಿಗೆ ಪತ್ರ ಬರೆದಿಟ್ಟಿದ್ದೇನೆ," ಎಂದಳು. "ಹೆಸರಿಲ್ಲದೆ ತೂಗುಹಾಕಿದರೆ ಏನಾಗುತ್ತದೆ? ಅವನ ಇಪ್ಪತ್ತಮೂರು ಭಾವಚಿತ್ರ. ಅವನ ಪತ್ರಿಕೆಯವರು ಫೋಟೊ ಹಾಕಿಕೊಂಡು ಕುಣಿಯುತ್ತಾರೆ. ಅಮೆರಿಕದಲ್ಲೂ ನಮ್ಮ ನಾಯಕರ ಪೂಜೆ ಅಂತ."

"ಹೆಸರ ನಿನ್ನ ಬಾಯಾಗ ಅದಾವಲ್ಲವ್ವ," ಎಂದಳು ಬಂಗಾರೆವ್ವ. "ಬರದದ್ದನ್ನ ನಾ ಅಳಿಸಿದೆ. ನೀ ಹೇಳು. ಆ ರೇಡಿಯೊದವ್ರು ಬಂದು ನಿಂತಾಗ, ಇದರ ಮುಂದ ನಿಂತು ಹೇಳು. ಯಾರ ಅರಿವಿ ಯಾವುದು ಗೊತ್ತಿಲ್ಲ ಅಂತನೂ ಹೇಳು. ಯಾಕ ಗೊತ್ತಿಲ್ಲ ಅಂತ ಕೇಳಿದ್ರ ನಾ ಅಲ್ಲೇ ಇರತೇನಿ, ನನ್ನ ತೋರ್ಸು."

"ಎಲ್ಲರ ಮುಂದೆ?"

"ಅವಾ ಇಷ್ಟ ಮಂದೀನ ಕೊಂದು ನಗಕೋಂತ ಮಾರಿ ತೋರಸಾಕತ್ತಾನ. ನಾ ಯಾಕ ಮುಚ್ಚಿಕೊಳ್ಳಲಿ?"

ತಮಂಡಾ ಒಳಗೆ ಹೋಗಿ ದಪ್ಪ ಕರಿಬಟ್ಟೆಯ ಸುರುಳಿಯೊಂದನ್ನು ತಂದು ನೆಲದ ಮೇಲೆ ಉರುಳಿಸಿದಳು. ಕೌದಿಯ ತಳಕ್ಕೆ ಹಾಕಬೇಕೆಂದು ಮೊದಲೇ ಕೊಂಡಿಟ್ಟಿದ್ದು. ಶಿವರುದ್ರಪ್ಪ ಹೇಳಿಸಿಕೊಳ್ಳದೆ ಬಗ್ಗಿ ಇನ್ನೊಂದು ತುದಿ ಹಿಡಿದು ಸುಕ್ಕು ಬಿಡಿಸಿದ. ಬಂಗಾರೆವ್ವ ಸೂಜಿಗೆ ದಾರ ಪೋಣಿಸಿದಳು. ಕೌದಿಯನ್ನು ಅಂಚಿನಿಂದ ಹಿಡಿದು ಒಳಕ್ಕೆ ಹೊಲಿಯುತ್ತಾರೆ, ನಡುವಿನಿಂದ ಹೊರಕ್ಕಲ್ಲ. ಅವಳು ಮೂಲೆಯಲ್ಲಿ ಕೂತು ಮೊದಲನೆಯ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತೊಳೆದು ಬರಿದಾದ ಮೂಲೆಯನ್ನು ಮಡಚಿ ಮರೆಮಾಡದೆ, ಮೇಲೆಯೇ ಕಾಣುವಂತೆ ಬಿಡಿಸಿಟ್ಟಳು.

"ಒಂದ ಹೆಸರ ಹೇಳವ್ವ."

"ಇದು ಯಾರದು ಅಂತ ಗೊತ್ತಿಲ್ಲವಲ್ಲ, ಅಮಾಯಿ."

"ನನಗೂ ಗೊತ್ತಿಲ್ಲ. ಸುಮ್ನ ಹೇಳು. ನಾ ಕೇಳಕೋಂತ ಹೊಲೀತೇನಿ."

ತಮಂಡಾ ಗೋಡೆಯ ಕಡೆ ನೋಡದೆ ಮೊದಲ ಹೆಸರು ಹೇಳಿದಳು. ಬಂಗಾರೆವ್ವ ಅದನ್ನು ತನ್ನ ಒರಟು ನಾಲಿಗೆಯಲ್ಲಿ ಎರಡು ಸಲ ಅಂದುಕೊಂಡು, ಸರಿಯಾಗಿ ಅಂದೆನಾ ಎಂದು ಕೇಳಿ, ಸೂಜಿ ಇಳಿಸಿದಳು. ಒಂದು ಬಟ್ಟೆ ಕರಿಬಟ್ಟೆಗೆ ಕೂರುವವರೆಗೂ ಆ ಒಂದೇ ಹೆಸರು. ಆಮೇಲೆ ಇನ್ನೊಂದು ಬಟ್ಟೆ, ಇನ್ನೊಂದು ಹೆಸರು. ದಿನವೂ ಬೆಳಿಗ್ಗೆ ಶಿವರುದ್ರಪ್ಪ ಕಾರು ತಂದು ಬಿಡುತ್ತಿದ್ದ, ಸಂಜೆ ಕರೆದೊಯ್ಯುತ್ತಿದ್ದ. ಎಂಟನೆಯ ದಿನ ಚಿಸೋಮೊಳ ಹೆಸರು ಬಂತು. ಆ ದಿನ ತಮಂಡಾ ಬಟ್ಟೆಯ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಳು. ಅದು ತಂಗಿಯದೇ ಇರಬಹುದು, ಇಲ್ಲದೆಯೂ ಇರಬಹುದು.

ಅಕ್ಟೋಬರಿನ ಒಂದು ಮಧ್ಯಾಹ್ನ ಹತ್ತೊಂಬತ್ತನೆಯದು ಮುಗಿಯಿತು. ಬಂಗಾರೆವ್ವ ದಾರ ಕಡಿದು, ಇಪ್ಪತ್ತನೆಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಬರಿದಾದ ಮೂಲೆಯನ್ನು ಅಂಗೈಯಿಂದ ಸವರಿದಳು. ಅಭ್ಯಾಸದಂತೆ ತಲೆಯೆತ್ತಿ ತಮಂಡಾಳ ಮುಖ ನೋಡಿದಳು.

ತಮಂಡಾ ಗೋಡೆಯ ಕಾಗದದ ಕಡೆ ತಿರುಗಿದಳು. ಹತ್ತೊಂಬತ್ತನೆಯ ಹೆಸರಿನ ಕೆಳಗೆ ಏನೂ ಇರಲಿಲ್ಲ.

ಬಂಗಾರೆವ್ವ ಸೂಜಿ ಹಿಡಿದುಕೊಂಡು ಕಾದಳು.